ತಾರೀಖು ಒತ್ತುವವಳ ಲೆಕ್ಕ

ಡೇರಿಯಲ್ಲಿ ನನ್ನದು
ಮೊಸರಿನ ಪ್ಯಾಕೆಟ್ಟಿಗೆ ತಾರೀಖು ಒತ್ತುವ ಕೆಲಸ.
ಇವತ್ತು ತುಂಬಿದ್ದಕ್ಕೆ ಇಂಥ ದಿನ ಕೊನೆ
ಎಂದು ಮುಂದಕ್ಕೆ ಎಣಿಸುವುದು.
ಈ ಚೀಟಿ ಮಾತ್ರ ತಲೆಕೆಳಗು.
ಕೊನೆಯ ದಿನ ಮೊದಲೇ ಒತ್ತಿ ಕೊಟ್ಟಿದ್ದಾರೆ:
ಫೆಬ್ರವರಿ ಹತ್ತೊಂಬತ್ತು.
ತುಂಬಿದ ದಿನ ಯಾವುದೆಂದು
ನಾನು ಹುಡುಕಬೇಕು.

ದುರ್ಗಿಗುಡಿಯ ಡಾಕ್ಟರಮ್ಮನ ಮೇಜಿನ ಮೇಲೆ
ಅಂಗೈಯಗಲದ ರಟ್ಟಿನ ಚಕ್ರ.
ಫೆಬ್ರವರಿಯ ಮೇಲೆ ಹೆಬ್ಬೆರಳಿಟ್ಟು, ತಿರುಗಿಸಿ ಹೇಳಿದರು:
"ಮೂವತ್ತೆಂಟು ವಾರ ಹಿಂದಕ್ಕೆ ಹೋಗಿ. ಮೇ ಇಪ್ಪತ್ತೊಂಬತ್ತು.
ನಾಕು ದಿನ ಆಚೆ, ನಾಕು ದಿನ ಈಚೆ.
ಇದೇ ದಿನ ಅಂತ ಯಾರೂ ಸಹಿ ಹಾಕಲ್ಲಮ್ಮ."

ಚಕ್ರವನ್ನು ನಂಬದೆ ಸಿಟಿ ಬಸ್ಸಿನಲ್ಲಿ ಕೂತು
ಟಿಕೆಟ್ಟಿನ ಬೆನ್ನ ಮೇಲೆ ಕಳೆದೆ.
ಫೆಬ್ರವರಿಯ ಹತ್ತೊಂಬತ್ತು, ಜನವರಿಯ ಮೂವತ್ತೊಂದು,
ಡಿಸೆಂಬರು, ನವೆಂಬರು...
ಇನ್ನೂರ ಅರವತ್ತಾರು ಮುಗಿಯುವ ಹೊತ್ತಿಗೆ
ಬಸ್ಸು ಬೊಮ್ಮನಕಟ್ಟೆಯಲ್ಲಿ
ನಾನು ಮೇ ತಿಂಗಳಲ್ಲಿ.

ಇಪ್ಪತ್ತೈದಕ್ಕೆ ಅತ್ತೆ ತೀರಿದ್ದು.
ಇಪ್ಪತ್ತೊಂಬತ್ತು ಅಂದರೆ ಐದನೇ ದಿನ.
ನಾಕು ದಿನ ಆಚೆ ದೂಡಿದರೂ ಸೂತಕ
ಈಚೆ ಎಳೆದರೂ ಸೂತಕ.
ಹುಡುಕುವುದೇನಿತ್ತು,
ಗೊತ್ತಿದ್ದದ್ದೇ.

ಅವತ್ತು ನೆಂಟರೆಲ್ಲ ಆನಂದಪುರದ ಕೊನೆಯ ಬಸ್ಸಿಗೆ ಹೋಗಿ
ಹತ್ತು ಲೋಟ ತೊಳೆಯದೆ ಉಳಿದಿದ್ದವು.
ಅವಳ ತಲೆಯಿದ್ದ ಕಡೆ ದೀಪ.
ಹೂವಪ್ಪ ತಾಯಿಯ ಕಂಬಳಿ ಮಡಿಸಲು ಹೋಗಿ
ಅದರೊಳಗಿನ ಅಮೃತಾಂಜನದ ವಾಸನೆಗೆ
ಅಲ್ಲೇ ಕುಸಿದು ಕೂತ.
ಹೆಣ ಎತ್ತುವಾಗ ಅಳದವನು
ಆಗ ಅತ್ತ.
ಉಗುರಲ್ಲಿ ಇನ್ನೂ ಬಸ್ಸಿಗೆ ಹೊಡೆದ ಹಸಿರು ಬಣ್ಣ.
ನಾನು ಬೆನ್ನು ಸವರಿದೆ.
ಸವರುವುದಷ್ಟೇ ಅಂದುಕೊಂಡಿದ್ದೆವು ಇಬ್ಬರೂ.
ಬೆಳಿಗ್ಗೆ ದೀಪಕ್ಕೆ ಎಣ್ಣೆ ಹಾಕುವಾಗ
ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಸುದ್ದಿ ತಿಳಿದು ಅತ್ತೆಯ ಅಕ್ಕ ಗುತ್ಯಮ್ಮ ಬಂದಳು,
ಚೀಲದಲ್ಲಿ ಅಪ್ಪೆಮಿಡಿ.
"ತಾರೀಖು ಯಾವಾಗ ಕೊಟ್ಟಾರೆ?"
ಹೇಳಿದೆ.
ಹೆಬ್ಬೆರಳು ಗೆಣ್ಣಿನಿಂದ ಗೆಣ್ಣಿಗೆ ಇಳಿಯಿತು,
ಮಾಘ, ಪುಷ್ಯ, ಮಾರ್ಗಶಿರ,
ಅವಳ ತುಟಿಯನ್ನೇ ನೋಡುತ್ತಿದ್ದೆ.
ಒಂದು ಗೆಣ್ಣಿನಲ್ಲಿ ನಿಂತಿತು.
ತಂಗಿಯನ್ನು ಮೀಯಿಸಿದ ಕೈ ಅದು,
ದಿನ ಮರೆಯುತ್ತದೆಯೇ.
ನನ್ನ ನೋಡಿದಳು, ಒಳಗೆ ಬಣ್ಣದ ಅಂಗಿ ಬಿಚ್ಚುತ್ತಿದ್ದವನ ನೋಡಿದಳು.
ಆಮೇಲೆ ಮಿಡಿಯ ತೊಟ್ಟು ಮುರಿಯುತ್ತ
"ಮಿಷನ್ನಿಗೇನು ಗೊತ್ತು ಮಾರಾಯ್ತಿ,
ಒಂದೆರಡು ವಾರ ಹೆಚ್ಚುಕಮ್ಮಿ ಇರ್ತೈತೆ.
ಉಪ್ಪು ಕಲ್ಲುಪ್ಪೇ ಐತಾ?"
ಅಂದಳು. ಅಷ್ಟೇ.

ಹೋದವಳೇ ಬರ್ತಾಳೆ ಅನ್ನುತ್ತಾರೆ ಪಕ್ಕದ ಮನೆಯವರು.
ನಾನು ಹೂಂ ಅನ್ನುವುದಿಲ್ಲ.
ಅತ್ತೆ ಅತ್ತೆ, ಇದು ಬೇರೆ ಜೀವ.
ಆದರೆ ತಾಯಿ ಕಾರ್ಡಿನಲ್ಲಿ ಒಂದು ತಮಾಷೆ ಇದೆ.
ಬಸಿರನ್ನು ಅವರು ಎಣಿಸುವುದು ಮೇ ಹದಿನೈದರಿಂದ,
ಕೊನೆಯ ಸಲ ಮುಟ್ಟಾದ ದಿನದಿಂದ.
ಮೊದಲ ಎರಡು ವಾರ ಮಗುವೇ ಇಲ್ಲದ ಬಸಿರು.
ನಲವತ್ತು ವಾರದ ಆ ಲೆಕ್ಕದಲ್ಲಿ
ಹತ್ತು ದಿನ ಅತ್ತೆ ಇದ್ದಳು.

ಮೆಗ್ಗಾನ್ ಆಸ್ಪತ್ರೆ, ಹೆಂಗಸರ ವಾರ್ಡು.
ನಾನು ಕಾಲು ಒತ್ತಲು ಕೂತವಳು
ಹೊಟ್ಟೆ ಹಿಡಿದು ಎದ್ದದ್ದು ಕಂಡು
ಆ ತಿಂಗಳೂ ಇಲ್ಲವೆಂದು ತಿಳಿದೂ
ಏನೂ ಕೇಳದೆ,
ಫ್ಲಾಸ್ಕನ್ನು ನನ್ನತ್ತ ಸರಿಸಿದಳು:
"ಬಿಸಿನೀರು ಕುಡಿ, ಕೂತ್ಕೋ.
ಇವತ್ತು ಕಾಲು ಬೇಡ.
ಮೊದಲ ದಿನ ಅಲ್ವಾ."